ಮೋನಪ್ಪ ಟೈಲರನ ಅಂಗಿಯ ಮೂರನೆಯ ಗುಂಡಿ

ಮಡಂತ್ಯಾರಿನ ಅರ್ಧ ಊರಿಗೆ ಗುಂಡಿ, ಹುಕ್ಕು ಹಚ್ಚಿಕೊಟ್ಟ ಮೋನಪ್ಪ ಟೈಲರನ ಸ್ವಂತ ಅಂಗಿಗೆ ಮೇಲಿನಿಂದ ಮೂರನೆಯ ಗುಂಡಿ ಇರಲಿಲ್ಲ. ಕೊಲ್ಲಿ ಯುದ್ಧದ ಆ ದಿನಗಳಲ್ಲಿ ಇರಲಿಲ್ಲ. ಆ ಜಾಗದಲ್ಲಿ ಅಂಗಿ ಸಣ್ಣಗೆ ಬಾಯಿ ತೆರೆದು, ಒಳಗಿನ ಬನಿಯನು ಹೊರಗೆ ಇಣುಕಿ ಗಿರಾಕಿಗಳನ್ನು ನೋಡುತ್ತಿತ್ತು. ಬೇರೆ ಅಂಗಿ ಇರಲಿಲ್ಲವೆಂದಲ್ಲ. ಆದರೆ ಅದೇ ಆಕಾಶನೀಲಿ ಅಂಗಿಯನ್ನು ಸಂಜೆ ಒಗೆದು, ಬೆಳಿಗ್ಗೆ ಅದನ್ನೇ ಹಾಕಿಕೊಂಡು ಬರುತ್ತಿದ್ದ. "ಟೈಲರನ ಅಂಗಿಗೇ ಬಟನ್ ಇಲ್ವಲ್ಲಾ ಮಾರಾಯಾ" ಎಂದು ಯಾರಾದರೂ ನಕ್ಕರೆ, "ಉಂಟು, ಡ್ಯೂಟಿಯಲ್ಲಿ ಉಂಟು" ಎನ್ನುತ್ತಿದ್ದ.

ಆ ಗುಂಡಿ ಎಲ್ಲಿ ಡ್ಯೂಟಿ ಮಾಡುತ್ತಿತ್ತು ಎನ್ನುವುದನ್ನು ಬರೆಯಲಿಕ್ಕೆಂದೇ ನಾನೀಗ ಕನ್ನಡಕ ಏರಿಸಿ, ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಕೂತಿದ್ದೇನೆ. ಮೋನಪ್ಪ ಮಾತಾಡಿದ್ದೆಲ್ಲ ತುಳುವಿನಲ್ಲಿ. ಕನ್ನಡ ಮಾಡಿದವಳು ನಾನು. ಅವನು ಇದ್ದಿದ್ದರೆ "ಫಿಟ್ಟಿಂಗ್ ಸರಿ ಇಲ್ಲ ಅಕ್ಕ" ಎನ್ನುತ್ತಿದ್ದ.

ಬಸ್ ಸ್ಟ್ಯಾಂಡಿನ ಪಕ್ಕದ ಕಟ್ಟಡದಲ್ಲಿ, ಮೂರು ಮೆಟ್ಟಿಲು ಹತ್ತಿದರೆ ಅವನ ಅಂಗಡಿ. ಎರಡು ಮೆಷಿನು, ಬಟ್ಟೆ ಕತ್ತರಿಸುವ ಉದ್ದದ ಮೇಜು, ಹೊಲಿದ ರವಿಕೆಗಳನ್ನು ತೂಗುಹಾಕಿದ ಹಗ್ಗ, ಮೂಲೆಯ ಸ್ಟೂಲಿನಲ್ಲಿ ಹೆಮ್ಮಿಂಗ್ ಮಾಡುತ್ತಾ ಕೂತ ಹೆಂಡತಿ ಲಲಿತಾ. ಮೋನಪ್ಪ ಕಡ್ಡಿಯಂಥ ಮನುಷ್ಯ. ಕುತ್ತಿಗೆಯಲ್ಲಿ ಟೇಪು ಇಲ್ಲದಿದ್ದರೆ ಗಾಳಿಗೆ ಹಾರಿಹೋದಾನು ಎಂದು ಲಲಿತಾಳೇ ಹೇಳುತ್ತಿದ್ದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ರವಿಕೆಗಳನ್ನೆಲ್ಲ ಹೊಲಿದವನು ಅವನೇ. ನಾನು ಪ್ರತಿ ಸಲವೂ ಒಂದು ಹಳೆಯ ರವಿಕೆಯನ್ನು ಅಳತೆಗೆಂದು ಒಯ್ದು, "ಇದೇ ಅಳತೆ, ಏನೂ ವ್ಯತ್ಯಾಸ ಇಲ್ಲ" ಎನ್ನುತ್ತಿದ್ದೆ. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಯಾರದ್ದಕ್ಕ? ನಿಮ್ಮ ತಂಗಿಯದ್ದಾ?" ಎನ್ನುತ್ತಿದ್ದ.

ಅವನದೊಂದು ನಿಯಮ ಇತ್ತು. ಯಾರ ರವಿಕೆಯೇ ಇರಲಿ, ಎರಡೂ ಬದಿಯ ಹೊಲಿಗೆಯ ಒಳಗೆ ಒಂದು ಇಂಚು ಬಟ್ಟೆ ಮಡಚಿ ಬಿಡುವುದು. ಮುಂದೆ ದಪ್ಪವಾದರೆ ಹೊರಗಿನ ಹೊಲಿಗೆ ಬಿಚ್ಚಿದರಾಯಿತು, ರವಿಕೆ ದೊಡ್ಡದಾಗುತ್ತದೆ. ಈಗಿನ ಕೆಲವರು ಬಟ್ಟೆ ಉಳಿಸಲಿಕ್ಕೆ ಅಂಚಿಗೇ ಹೊಲಿದುಬಿಡುತ್ತಾರೆ ಎಂದು ಅವನಿಗೆ ಸಿಟ್ಟು. ದೇಶಗಳ ಬಗ್ಗೆಯೂ ಅವನ ಅಭಿಪ್ರಾಯ ಅದೇ ಆಗಿತ್ತು. "ನೋಡಿ ಅಕ್ಕ, ಈ ಗಡಿ ಹಾಕಿದವರು ಅಂಚಿಗೇ ಹೊಲಿದುಬಿಟ್ಟಿದ್ದಾರೆ. ಒಳಗೆ ಒಂದಿಂಚು ಬಿಟ್ಟಿದ್ರೆ ಯಾರಾದ್ರೂ ಸ್ವಲ್ಪ ಉಸಿರು ಎಳೆದುಕೊಂಡ್ರೂ ಹರೀತಿರಲಿಲ್ಲ."

ಕೊಲ್ಲಿಯಲ್ಲಿ ಯುದ್ಧ ಶುರುವಾದ ಬೆಳಿಗ್ಗೆ ನಾನು ಅಂಗಡಿಯಲ್ಲೇ ಇದ್ದೆ. ಮೋನಪ್ಪ ಮತ್ತು ಲಲಿತಾಳ ಒಬ್ಬಳೇ ಮಗಳು ಸುಜಾತಾ, ನಮ್ಮೆಲ್ಲರ ಬಾಯಲ್ಲಿ ಸುಜಿ, ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮೂಡುಬಿದಿರೆಯ ಒಬ್ಬ ಮೇಷ್ಟ್ರೊಂದಿಗೆ ಮದುವೆ ನಿಶ್ಚಯವಾಗಿ, ಹಾಲ್ ಬುಕ್ಕಾಗಿ, ಕಾಗದ ಹಂಚುವುದಷ್ಟೇ ಬಾಕಿ ಇತ್ತು. ಈಗ ಅವಳಿರುವ ಊರಿನಲ್ಲಿ ಸೈರನ್ ಕೂಗುತ್ತಿದೆ, ವಿಮಾನ ನಿಲ್ದಾಣ ಮುಚ್ಚಿದೆ ಎಂಬ ಸುದ್ದಿ. ಮೋನಪ್ಪ ಸುಜಿಯ ಶಾಲೆಯ ಕಾಲದ ಹಳೆಯ ಅಟ್ಲಾಸನ್ನು ಎಲ್ಲಿಂದಲೋ ತೆಗೆದು, ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಮೇಜಿನ ಒಂದು ತುದಿಯಲ್ಲಿ ಭೂಪಟ ಬರೆದ. ಆಮೇಲೆ ಸಣ್ಣ ಕತ್ತರಿ ಹಿಡಿದು, ತನ್ನ ಅಂಗಿಯ ಮೂರನೆಯ ಗುಂಡಿಯ ನೂಲು ಕತ್ತರಿಸಿ, ಅದನ್ನು ಭೂಪಟದ ಮೇಲಿಟ್ಟ. ಆ ಅಂಗಿ ಸುಜಿ ಹಿಂದಿನ ರಜೆಯಲ್ಲಿ ತಂದುಕೊಟ್ಟದ್ದು.

"ಇದು ಸುಜಿ" ಎಂದ.

"ಡಬ್ಬಿಯಲ್ಲಿ ನೂರು ಬಟನ್ ಇರುವಾಗ ಅಂಗಿಯದ್ದೇ ಬೇಕಿತ್ತಾ?" ಎಂದಳು ಲಲಿತಾ.

"ಡಬ್ಬಿಯದ್ದು ಗಿರಾಕಿಗಳದ್ದು."

ಅಂದಿನಿಂದ ಅದು ನಮ್ಮ ಯುದ್ಧವಾರ್ತೆಯ ಕಚೇರಿ. ಮೀನು ಮಾರ್ಕೆಟಿಗೆ ಹೊರಟ ಹೆಂಗಸರೂ ಮೂರು ಮೆಟ್ಟಿಲು ಹತ್ತಿ, "ಬಟನ್ ಎಲ್ಲಿ ಉಂಟು?" ಎಂದು ಕೇಳಿ ಹೋಗುತ್ತಿದ್ದರು. ಗುಂಡಿ ಅಲ್ಲೇ ಇತ್ತು. ಅದು ಅಲ್ಲೇ ಇದೆ ಎನ್ನುವುದೇ ಒಂದು ಸುದ್ದಿ.

ಯುದ್ಧ ಅಷ್ಟು ದೂರದಲ್ಲಿದ್ದರೂ ನಮ್ಮ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡೇ ಬಂತು. ಬಂಟ್ವಾಳದಿಂದ ಬರುವ ಗ್ಯಾಸಿನ ಲಾರಿ ವಾರ ಕಳೆದರೂ ಬರಲಿಲ್ಲ. ನಾನು ಹಿತ್ತಿಲಿನ ಒಲೆಯ ಬೂದಿ ತೆಗೆದು ಮತ್ತೆ ಬೆಂಕಿ ಹಾಕಿದೆ. ಮದುಮಗ ಕೊಲ್ಲಿಯಲ್ಲೇ ಸಿಕ್ಕಿಬಿದ್ದು ಮುಂದೆ ಹೋದ ಮದುವೆಗಳ ರವಿಕೆಗಳು ಮೋನಪ್ಪನ ಹಗ್ಗದಲ್ಲಿ ಸಾಲಾಗಿ ತೂಗಿದವು, ಕೆಂಪು, ಹಳದಿ, ನೇರಳೆ. ಫ್ಯಾನು ಹಾಕಿದರೆ ಎಲ್ಲವೂ ಒಟ್ಟಿಗೆ ಕೈ ಬೀಸುತ್ತಿದ್ದವು. "ಇವರಿಗೆಲ್ಲ ಸಮಾಧಾನ ಹೇಳಿ ಹೇಳಿ ನನಗೆ ಸಾಕಾಯ್ತು" ಎನ್ನುತ್ತಿದ್ದ ಮೋನಪ್ಪ, ಹಗ್ಗದ ಕಡೆ ನೋಡಿ.

ಆಗ ಎಲ್ಲರಿಗಿಂತ ಶೂರನಾಗಿದ್ದವನು ಲಾಯಿಲದಲ್ಲಿರುವ ನನ್ನ ಭಾವ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಕಾಫಿಗೆ ಮೊದಲು ಒಂದು ದೇಶ, ಊಟಕ್ಕೆ ಮೊದಲು ಇನ್ನೊಂದು ದೇಶ ಗೆಲ್ಲುತ್ತಿದ್ದ. "ಮುಗಿಸಿಬಿಡಬೇಕು ಒಮ್ಮೆ" ಎಂದು ಬೆಂಕಿಯ ಚಿತ್ರ ಹಾಕುತ್ತಿದ್ದ. ಗ್ಯಾಸು ಬರಲಿಲ್ಲವೆಂದು ಮೊದಲು ಬೊಬ್ಬೆ ಹಾಕಿದವನೂ ಅವನೇ. ನಾನಾಗ ಟೈಪಿಂಗ್ ಕಲಿತಿರಲಿಲ್ಲ. ನನ್ನನ್ನು ದೊಡ್ಡಮ್ಮ ಎನ್ನುವ ಸುಜಿ ರಜೆಯಲ್ಲಿ ಬಂದಾಗ ತೋರಿಸಿಕೊಟ್ಟಿದ್ದಳು, ನನಗೆ ಉಳಿದದ್ದು ಗುಲಾಬಿ ಹೂವಿನ ಶುಭೋದಯ ಕಳಿಸುವುದು ಮಾತ್ರ. ಹಾಗಾಗಿ ಅವನ ಪ್ರತಿಯೊಂದು ಯುದ್ಧದ ಕೆಳಗೂ ಒಂದು ಗುಲಾಬಿ ಇಟ್ಟೆ. ಎರಡು ದಿನಕ್ಕೆ ಸುಸ್ತಾದ.

ಮೋನಪ್ಪನ ವಿಮರ್ಶೆ ಬೇರೆಯದೇ ಜಾತಿಯದ್ದು. ಅಂಗಡಿಯ ಎದುರು ರಸ್ತೆಯ ಆಚೆ ಎಲೆಕ್ಟ್ರಿಕ್ ಅಂಗಡಿ. ಅದರ ಗಾಜಿನೊಳಗೆ ದೊಡ್ಡ ಟಿವಿ. ಇಲ್ಲಿಗೆ ಚಿತ್ರ ಮಾತ್ರ ಕಾಣುತ್ತದೆ, ಸ್ವರ ಕೇಳುವುದಿಲ್ಲ. ಮೋನಪ್ಪ ಸ್ವರವಿಲ್ಲದೆಯೇ ಎಲ್ಲ ದೇಶದ ಮುಖಂಡರನ್ನು ಅಳೆಯುತ್ತಿದ್ದ.

"ಇವನ ಮಾತು ನಂಬಬೇಡಿ. ಕೋಟಿನ ಭುಜ ನೋಡಿ, ಒಳಗೆ ಹತ್ತಿ ತುಂಬಿಸಿ ಅಗಲ ಮಾಡಿದ್ದಾರೆ. ಒಳಗಿನ ಜನ ಸಣ್ಣದು."

"ಅವನು?" ಎಂದು ನಾನು ಇನ್ನೊಬ್ಬನನ್ನು ತೋರಿಸಿದರೆ, "ಅವನು ಜನರಲ್. ಎಡಬದಿಗೆ ಎಷ್ಟು ಪದಕ! ಅಷ್ಟು ಭಾರ ಒಂದೇ ಬದಿಗೆ ಹಾಕಿದ್ರೆ ಬಟ್ಟೆ ಎಳೀತದೆ. ಬಲಬದಿಗೂ ನಾಲ್ಕು ಕೊಡಿ ಅವನಿಗೆ, ಯುದ್ಧ ನಿಲ್ಲಿಸ್ತಾನೆ."

"ವಾರ್ತೆ ಓದುವ ಹುಡುಗ?"

"ಪಾಪ, ಕಾಲರ್ ಬಿಗಿ. ಅದಕ್ಕೇ ಅಷ್ಟು ಬೊಬ್ಬೆ."

ಒಮ್ಮೆ ಊರಿನ ಒಬ್ಬ ಸಣ್ಣ ಪುಢಾರಿ ಮೆಟ್ಟಿಲು ಹತ್ತಿ ಬಂದು, ವಿಜಯೋತ್ಸವದ ಮೆರವಣಿಗೆಗೆ ಐವತ್ತು ಬಾವುಟ ಹೊಲಿದುಕೊಡಬೇಕು ಎಂದ. ಮೋನಪ್ಪ ಕನ್ನಡಕದ ಮೇಲಿನಿಂದ ನೋಡಿದ.

"ಯುದ್ಧ ಮುಗಿಯಿತಾ?"

"ಮುಗೀತದೆ."

"ಯಾರು ಗೆದ್ದರು?"

"ಅದು ಆಮೇಲೆ ಗೊತ್ತಾಗ್ತದೆ. ನೀನು ಹೊಲಿದು ಇಡು."

"ಮದುಮಗಳನ್ನು ನೋಡದೆ ನಾನು ರವಿಕೆ ಹೊಲಿಯುವುದಿಲ್ಲ ಮಾರಾಯ್ರೆ. ಯುದ್ಧ ಮುಗಿದ ಮೇಲೆ ನಿಮ್ಮ ವಿಜಯವನ್ನೇ ಕರೆದುಕೊಂಡು ಬನ್ನಿ, ಅಳತೆ ತೆಗೆಯುವ."

ಪುಢಾರಿ ಹೋದ ಮೇಲೆ ನಾವು ನಕ್ಕದ್ದು ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು. ಲಲಿತಾ ಮಾತ್ರ ನಗಲಿಲ್ಲ. ಸೂಜಿಯ ಕಣ್ಣಿಗೆ ನೂಲು ಪೋಣಿಸಲಿಕ್ಕೆ ನೋಡುತ್ತಿದ್ದಳು. ನೂಲು ಹೋಗುತ್ತಿರಲಿಲ್ಲ.

ಈಗ ನಾನು ಮಾಡಿದ ಒಂದು ಕೆಟ್ಟ ಕೆಲಸ ಹೇಳಬೇಕು. ನನಗೆ ಮೊದಲಿನಿಂದಲೂ ಕೈ ಸುಮ್ಮನಿರುವುದಿಲ್ಲ. ಒಂದು ದಿನ ಮೋನಪ್ಪ ಚಹಾಕ್ಕೆ ಇಳಿದಿದ್ದಾಗ, ತಮಾಷೆಗೆಂದು ಆ ಗುಂಡಿಯನ್ನು ಎರಡು ಇಂಚು ಸರಿಸಿ ಸಮುದ್ರದ ನಡುವೆ ಇಟ್ಟೆ. ಬಂದು ನೋಡಿ ಬೈಯುತ್ತಾನೆ, ಜಗಳವಾಡುವ ಎಂದು ಕಾಯುತ್ತಾ ಕೂತೆ. ಅವನು ಬಂದ, ನೋಡಿದ. ಬೈಯಲಿಲ್ಲ. ಮುಖ ಸುಣ್ಣದ ಹಾಗಾಯಿತು. ಫೋನು ತೆಗೆದು ಅಲ್ಲಿಂದಲೇ ಸುಜಿಗೆ ಕರೆ ಮಾಡಿ, ಅವಳ ಸ್ವರ ಕೇಳಿದ ಮೇಲೆಯೇ ಗುಂಡಿಯನ್ನು ಎತ್ತಿ ಸ್ವಸ್ಥಾನದಲ್ಲಿ ಇಟ್ಟ.

"ಅಕ್ಕ, ಇದೊಂದನ್ನು ಮುಟ್ಟಬೇಡಿ" ಎಂದ, ಅಷ್ಟೇ.

ಅವನ ಕೋಟಿನ ತಮಾಷೆ, ಪದಕದ ತಮಾಷೆಯೆಲ್ಲ ಯಾರಿಗಾಗಿ ಎನ್ನುವುದು ನನಗೆ ಆವತ್ತು ಗೊತ್ತಾಯಿತು. ಒಂದು ಪಾಲು ನಮಗೆ. ಮೂರು ಪಾಲು ಮೂಲೆಯ ಸ್ಟೂಲಿನಲ್ಲಿ ಕೂತವಳಿಗೆ.

ಮದುವೆಗೆ ಹದಿನೈದು ದಿನ ಉಳಿದಿತ್ತು. ಮದುವೆ ನಡೆದೇ ನಡೆಯುತ್ತದೆ ಎಂದು ತೋರಿಸಲಿಕ್ಕೆ ನಾನು ನನ್ನ ಹಸಿರು ರೇಷ್ಮೆ ಸೀರೆಯ ಬ್ಲೌಸ್ ಪೀಸು ಹಿಡಿದು ಅಂಗಡಿಗೆ ಹೋದೆ. ನನ್ನ ಜತೆ ಚರ್ಚಿನ ಹತ್ತಿರದ ಐರಿನ್ ಬಾಯಿಯೂ ಇದ್ದಳು. ಅವಳಿಗೆ ಹೊಲಿಸಲಿಕ್ಕೆ ಏನೂ ಇರಲಿಲ್ಲ, ಸುಜಿಯ ಸುದ್ದಿ ಬೇಕಿತ್ತು. ಸುದ್ದಿ ಇತ್ತು. ಆಸ್ಪತ್ರೆಯವರು ನರ್ಸುಗಳನ್ನು ಬಸ್ಸಿನಲ್ಲಿ ಕೂರಿಸಿ, ಮರುಭೂಮಿಯ ದಾರಿಯಾಗಿ ಪಕ್ಕದ ದೇಶಕ್ಕೆ ಕಳಿಸುತ್ತಿದ್ದರು. ಅಲ್ಲಿ ಯುದ್ಧ ಇಲ್ಲ, ವಿಮಾನ ಇದೆ. ಬಸ್ಸು ಬೆಳಿಗ್ಗೆ ಹೊರಟಿದೆ, ಮಧ್ಯಾಹ್ನದೊಳಗೆ ಗಡಿ ದಾಟಬೇಕು. ಆದರೆ ಎರಡು ಗಂಟೆ ಹೊತ್ತಿನಿಂದ ಸುಜಿಯ ಫೋನು ಸಿಗುತ್ತಿಲ್ಲ.

ಮೋನಪ್ಪ ಎಡಗೈಯಲ್ಲಿ ಫೋನನ್ನು ಕಿವಿಗೆ ಒತ್ತಿಹಿಡಿದಿದ್ದ. ಕರೆ ಮಾಡುತ್ತಿದ್ದ, ಎಂಗೇಜ್ ಬರುತ್ತಿತ್ತು, ಮತ್ತೆ ಮಾಡುತ್ತಿದ್ದ.

"ರವಿಕೆ ಇವತ್ತು ಬೇಡ ಮೋನಪ್ಪ, ನಾಳೆ ಕತ್ತರಿಸು" ಎಂದೆ.

"ಕೈಗೆ ಕೆಲಸ ಬೇಕು ಅಕ್ಕ. ಕೊಡಿ."

ನನ್ನ ಹಸಿರು ರೇಷ್ಮೆಯನ್ನು ಮೇಜಿನ ಮೇಲೆ ಹರಡಿದ. ಭೂಪಟ ಅದರ ಅಡಿಗೆ ಬಿತ್ತು. ಗುಂಡಿಯನ್ನು ಮಾತ್ರ ಎತ್ತಿ ಬಟ್ಟೆಯ ಮೇಲಿಟ್ಟ. ಒಂದೇ ಕೈಯಲ್ಲಿ ಕಂಕುಳ, ಬೆನ್ನು, ಕುತ್ತಿಗೆಯ ಗುರುತು ಎಳೆದ. ಐರಿನ್ ಬಾಯಿ, "ಬಸ್ಸು ಯಾವ ದಾರಿ ಅಂತೆ?" ಎಂದು ಕೇಳಿದಳು. ಅವನು ಅದೇ ಚಾಕಿನಿಂದ, ಅದೇ ಬಟ್ಟೆಯ ಮೇಲೆ, ದಾರಿ ಎಳೆದು ತೋರಿಸಿದ.

"ಇಲ್ಲಿಂದ ಹೊರಟದ್ದು. ಇಲ್ಲಿ ಒಂದು ತಿರುವು. ಇದು ಪೂರಾ ಹೊಯ್ಗೆ, ಬರೀ ಮರಳು, ಊರಿಲ್ಲ. ಇಲ್ಲಿ ಪೆಟ್ರೋಲ್ ಪಂಪ್ ಉಂಟಂತೆ. ಇಲ್ಲಿಗೆ ಬಂದ್ರೆ ಗಡಿ."

ಹಾಗೆ ಹೇಳುತ್ತಾ ದೊಡ್ಡ ಕತ್ತರಿ ಹಿಡಿದ. ಕತ್ತರಿ ಬಟ್ಟೆಗೆ ಹೊಕ್ಕಿತು. ಮೂವತ್ತು ವರ್ಷದ ಕೈ, ಗೆರೆ ಕಂಡರೆ ಸಾಕು, ಹೋಗುತ್ತಲೇ ಇರುತ್ತದೆ. ತಿರುವು ಬಂದಲ್ಲಿ ತಿರುಗಿತು. ಹೊಯ್ಗೆಯಲ್ಲಿ ನೆಟ್ಟಗೆ ಹೋಯಿತು. ಪೆಟ್ರೋಲ್ ಪಂಪಿನ ಹತ್ತಿರ ಸ್ವಲ್ಪ ನಿಧಾನವಾಯಿತು. ಕಂಕುಳಿನ ಗೆರೆ ಎಲ್ಲೋ ಎಡಕ್ಕೆ ಉಳಿಯಿತು. ನನ್ನ ರವಿಕೆಯ ಬೆನ್ನಿನ ನಡುವೆ ಮರುಭೂಮಿಯ ರಸ್ತೆ ಅಂಕುಡೊಂಕಾಗಿ ಹಾದುಹೋಗಿ, ಗಡಿಯ ಹತ್ತಿರ, ಬಟ್ಟೆಯ ಅಂಚಿನಲ್ಲಿ, ನಿಂತಿತು.

ಮೋನಪ್ಪ ಕತ್ತರಿಯನ್ನು ನೋಡಿದ, ಬಟ್ಟೆಯನ್ನು ನೋಡಿದ. ಜೀವಮಾನದಲ್ಲಿ ಅವನು ತಪ್ಪು ಕತ್ತರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೊದಲು ಮಾತಾಡಿದವಳು ಲಲಿತಾ. ಇಷ್ಟು ದಿನ ನಗದೆ ಕೂತವಳು ಸ್ಟೂಲಿನಿಂದ ಎದ್ದು ಬಂದು, ಎರಡು ತುಂಡಿನ ಮೇಲೂ ಕೈಯಾಡಿಸಿ, "ದಾರಿ ಮಾಡಿಕೊಟ್ಟದ್ದು ಒಳ್ಳೆಯದಾಯ್ತು ನೀವು, ಬಸ್ಸಿಗೆ ಟ್ರಾಫಿಕ್ ಇಲ್ಲ ಇನ್ನು" ಎಂದಳು. ಲಲಿತಾ ತಮಾಷೆ ಮಾಡಿದಳು. ಇಷ್ಟು ದಿನ ಅವನು ಅವಳಿಗೆ ಕೊಟ್ಟದ್ದನ್ನು ಹಿಂದೆ ಕೊಟ್ಟಳು ಅನ್ನಿಸಿತು ನನಗೆ.

ಅಷ್ಟರಲ್ಲಿ ನನ್ನ ಚೀಲದೊಳಗೆ ಫೋನು ಟಿಣ್ ಎಂದಿತು. ಲಾಯಿಲದ ಭಾವ ಇನ್ನೊಂದು ದೇಶ ಗೆದ್ದನೋ ಏನೋ ಎಂದು ತೆಗೆದು ನೋಡಿದರೆ, ಸುಜಿ.

"ದೊಡ್ಡಮ್ಮ, ನಾವು ಗಡಿ ದಾಟಿ ಅರ್ಧ ಗಂಟೆ ಆಯ್ತು. ಅಪ್ಪನಿಗೆ ಒಮ್ಮೆ ಫೋನ್ ಕೆಳಗೆ ಇಡ್ಲಿಕ್ಕೆ ಹೇಳಿ. ನಾನು ಮಾಡಿದ್ರೆ ಎಂಗೇಜ್ ಬರ್ತದೆ."

ನಾನು ಗಟ್ಟಿಯಾಗಿ ಓದಿದೆ. ಮೋನಪ್ಪ ಫೋನನ್ನು ಕಿವಿಯಿಂದ ತೆಗೆದ. ಅವನು ಅವಳಿಗೆ ಮಾಡುತ್ತಿದ್ದಾಗ ಅವಳು ಇವನಿಗೆ ಮಾಡುತ್ತಿದ್ದಳು. ಅಪ್ಪ ಮಗಳು ಒಬ್ಬರನ್ನೊಬ್ಬರು ಕರೆದು ಕರೆದು ದಾರಿ ಕಟ್ಟಿಬಿಟ್ಟಿದ್ದರು. ಫೋನಿನ ಮುಖ ನೋಡಿದರೆ ಅದರಲ್ಲೂ ಸುಜಿಯ ನಾಲ್ಕು ಮೆಸೇಜು ಬಂದು ಕೂತಿದ್ದವು. ಕಿವಿಯಿಂದ ಇಳಿಸಿದ್ದರೆ ತಾನೇ ಕಾಣುವುದು!

ಐರಿನ್ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ನಂತರ ಮೋನಪ್ಪನ ತಲೆಗೆ ಒಂದು ಮೊಟಕಿದಳು. "ನಿಮ್ಮ ಯುದ್ಧವಾರ್ತೆಗೆ ಬೆಂಕಿ ಹಾಕ್ಲಿಕ್ಕೆ!"

ಮೋನಪ್ಪ ನಗುತ್ತಿದ್ದನೋ ಅಳುತ್ತಿದ್ದನೋ, ಕನ್ನಡಕ ತೆಗೆದು ನನ್ನ ರವಿಕೆಯ ಒಂದು ತುಂಡಿನ ಅಂಚಿನಲ್ಲೇ ಒರೆಸಿಕೊಂಡ. ನಂತರ ಗುಂಡಿಯ ಕಡೆ ಕೈ ತೋರಿಸಿದ.

"ಅಕ್ಕ, ನೀವೇ ಸರಿಸಿ."

ಆವತ್ತು ಮುಟ್ಟಬೇಡಿ ಎಂದದ್ದನ್ನು ನಾನು ಮರೆತಿರಲಿಲ್ಲ. ಒಂದು ಬೆರಳಿನಿಂದ ಗುಂಡಿಯನ್ನು ಕತ್ತರಿಸಿದ ದಾರಿಯ ಉದ್ದಕ್ಕೂ ತಳ್ಳಿ, ಗಡಿಯ ಆಚೆ ಇಟ್ಟೆ. ಆಮೇಲೆ ಸುಜಿಗೆ ಉತ್ತರ ಕಳಿಸಬೇಕಲ್ಲ? ಗುಲಾಬಿ ಹೂವು ಸಾಲದು ಅನ್ನಿಸಿತು. ಅವಳು ತೋರಿಸಿಕೊಟ್ಟದ್ದನ್ನು ನೆನಪು ಮಾಡಿ ಮಾಡಿ ಒತ್ತಿದೆ. ಮೊಬೈಲಿನಲ್ಲಿ ನಾನು ಬರೆದ ಮೊದಲ ಮಾತು ಅದು: "ಬಾ ಮಗಾ, ರವಿಕೆ ಹಾಳಾಯಿತು."

ಪಾಪ ಹುಡುಗಿ, ಯಾರ ರವಿಕೆ, ಯಾಕೆ ಹಾಳಾಯಿತು ಎಂದು ವಿಮಾನದಲ್ಲಿ ಪೂರಾ ಯೋಚನೆ ಮಾಡಿದಳಂತೆ.

ಮೂರನೆಯ ದಿನ ಮಂಗಳೂರಿನಲ್ಲಿ ಇಳಿದು, ಮನೆಗೂ ಹೋಗದೆ ನೇರ ಅಂಗಡಿಗೆ ಬಂದಳು. ಅಪ್ಪನನ್ನು ಅಪ್ಪಿಕೊಂಡು ಬಿಟ್ಟವಳು ಅಂಗಿಯನ್ನು ನೋಡಿ, "ಎಂತ ಅಪ್ಪ, ನಾನು ತಂದ ಅಂಗಿಯ ಬಟನ್ ಕಿತ್ತುಹೋಯ್ತಾ? ಅಷ್ಟು ಒಳ್ಳೆ ಕಂಪೆನಿಯದ್ದು!" ಎಂದಳು. ಲಲಿತಾ ಮೇಜಿನಿಂದ ಗುಂಡಿ ಎತ್ತಿದಳು. ಒಂದೇ ಸಲಕ್ಕೆ ಸೂಜಿಗೆ ನೂಲು ಪೋಣಿಸಿದಳು. ಅಂಗಿ ಬಿಚ್ಚಲಿಕ್ಕೂ ಬಿಡದೆ ಗಂಡನ ಮೈಮೇಲೆಯೇ ಹೊಲಿದು, ನೂಲನ್ನು ಹಲ್ಲಿನಿಂದ ಕಡಿದಳು. ಮೋನಪ್ಪ ಇಂಜೆಕ್ಷನಿಗೆ ಕೂತವನ ಹಾಗೆ ಮುಖ ಮೇಲೆ ಮಾಡಿ ನಿಂತಿದ್ದ. "ಡ್ಯೂಟಿ ಮುಗೀತು" ಎಂದ.

ನನ್ನ ರವಿಕೆಯನ್ನು ಅವನು ಎಸೆಯಲು ಬಿಡಲಿಲ್ಲ. ಎರಡು ತುಂಡಿನ ನಡುವೆ ಕೇಸರಿ ಜರಿಯ ಪಟ್ಟಿ ಕೊಟ್ಟು, ಆ ಅಂಕುಡೊಂಕು ದಾರಿಯನ್ನು ಹಾಗೆಯೇ ಉಳಿಸಿ ಹೊಲಿದ. ಮೂಡುಬಿದಿರೆಯ ಹಾಲ್‌ನಲ್ಲಿ ಮದುವೆಯ ದಿನ ನನ್ನ ಬೆನ್ನಿನ ಹಿಂದೆ ಒಂದು ಗುಂಪೇ ಇತ್ತು. ಮದುಮಗನ ಚಿಕ್ಕಮ್ಮ ಬಂದು, "ಇದು ಯಾವ ಡಿಸೈನ್? ಬೆಂಗಳೂರಿನದ್ದಾ?" ಎಂದು ಕೇಳಿದರು. "ಮಡಂತ್ಯಾರಿನದ್ದು" ಎಂದೆ. ಊಟಕ್ಕೆ ಕೂರುವ ಮೊದಲು ಮೂರು ಜನ ಮೋನಪ್ಪನ ಹತ್ತಿರ ಹೋಗಿ ತಮಗೂ ಅಂಥದ್ದೇ ಬೇಕು ಎಂದಿದ್ದರು. ಅವನು ಕೈ ಮುಗಿದ. "ಬೇಡ ಅಮ್ಮ. ಅದಕ್ಕೆ ಒಂದು ಯುದ್ಧ ಬೇಕಾಗ್ತದೆ."

ಆಮೇಲೆ ಅವನ ಕಣ್ಣು ಮಂಜಾಯಿತು. ಅಂಗಡಿ ಮುಚ್ಚಿದ. ಹೋದ ವರ್ಷ ನಾನು ಅವನ ಮನೆಗೆ ಹೋದಾಗ ಜಗಲಿಯಲ್ಲಿ ಕೂತಿದ್ದ, ನೀಲಿ ಅಂಗಿಯಲ್ಲೇ. "ಮೋನಪ್ಪಾ" ಎಂದೆ.

"ಅಕ್ಕನಾ? ಸ್ವಲ್ಪ ದಪ್ಪ ಆಗಿದ್ದೀರಿ."

"ಕಣ್ಣು ಕಾಣುವುದಿಲ್ಲ ಅಂದ್ರಲ್ಲ ನಿನಗೆ!"

"ಮೆಟ್ಟಿಲು ಹತ್ತುವಾಗ ಕೇಳ್ತದಲ್ಲ. ಹಸಿರು ರವಿಕೆ ಹಿಡೀತಾ ಉಂಟಾ? ಹೆದರಬೇಡಿ, ಒಳಗೆ ಉಂಟು."

ಅದೇ ಕಡೆಯ ಭೇಟಿ. ಮಳೆ ಬಿಡದ ಆಟಿ ತಿಂಗಳ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವನು ಏಳಲಿಲ್ಲ. ಅವನ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಎದುರಿನ ಟಿವಿಯಲ್ಲಿ ಮತ್ತೆ ಎಲ್ಲಿಯದೋ ಯುದ್ಧ. ಕೋಟು ಹಾಕಿದವರು ಕೈ ಬೀಸುತ್ತಾರೆ. ನಾನು ಬಸ್ಸಿಗೆ ಕಾಯುತ್ತಾ ಅವರ ಭುಜ ನೋಡುತ್ತೇನೆ. ಹತ್ತಿ ಇನ್ನೂ ಜಾಸ್ತಿಯಾಗಿದೆ.

ಬರುವ ಆದಿತ್ಯವಾರ ಮೂಡುಬಿದಿರೆಯಲ್ಲಿ ಸುಜಿಯ ಮಗುವಿಗೆ ಮೊದಲ ಹುಟ್ಟುಹಬ್ಬ. "ದೊಡ್ಡಮ್ಮ, ಆ ರವಿಕೆ ಹಾಕಿಯೇ ಬರಬೇಕು" ಎಂದು ಮೆಸೇಜು ಹಾಕಿದ್ದಾಳೆ. ಇವತ್ತು ತೆಗೆದು ಹಾಕಿ ನೋಡಿದೆ. ಹುಕ್ಕುಗಳು ಒಂದನ್ನೊಂದು ದೂರದಿಂದ ನೋಡಿದವು, ಹತ್ತಿರ ಬರಲಿಲ್ಲ. ಬ್ಲೇಡು ಹಿಡಿದು ಬದಿಯ ಹೊಲಿಗೆ ಬಿಚ್ಚಿದೆ. ಒಳಗೆ ಒಂದು ಇಂಚು ಇತ್ತು, ಅವನು ಹೇಳಿದ ಹಾಗೆಯೇ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಅದರ ಆಚೆ ಇನ್ನೊಂದು ಸಾಲು ಹೊಲಿಗೆ, ಅದರೊಳಗೆ ಮಡಚಿಟ್ಟ ಇನ್ನೊಂದು ಇಂಚು. ಊರಿಗೆಲ್ಲ ಒಂದು ಇಂಚು ಬಿಟ್ಟವನು ನನಗೆ ಎರಡು ಬಿಟ್ಟಿದ್ದ.

ನನ್ನ ಬಗ್ಗೆ ಅವನು ಎಂತ ತಿಳಿದುಕೊಂಡಿದ್ದ ಎಂದು ಮೊದಲು ಸಿಟ್ಟು ಬಂತು. ಮತ್ತೆ ಕನ್ನಡಿಯ ಎದುರು ನಿಂತು ಹುಕ್ಕು ಹಾಕಿದೆ. ಸರಿಯಾಗಿ ಕೂತಿತು. ಎರಡನೆಯ ಹೊಲಿಗೆಯನ್ನು ಬಿಚ್ಚಲಿಲ್ಲ, ಹಾಗೆಯೇ ಇಟ್ಟಿದ್ದೇನೆ. ಹುಟ್ಟುಹಬ್ಬದ ಊಟದಲ್ಲಿ ಎರಡು ಬಗೆ ಪಾಯಸ ಉಂಟಂತೆ.